ಸವಳು-ಜವಳಿನ ನಕ್ಷೆಯಲ್ಲಿ ಬಿಟ್ಟುಹೋದವರು

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ನೀರು ಬಳಕೆದಾರರ ಸಂಘವೊಂದರ ಕಾರ್ಯದರ್ಶಿ. ನಮ್ಮ ಹೊಲಗಳು ಸವಳು-ಜವಳಾಗುತ್ತಿವೆ, ಅಂದರೆ ಉಪ್ಪೇರಿ, ನೀರು ನಿಂತು ಕೆಡುತ್ತಿವೆ. ಕಾಲುವೆ, ಕಬ್ಬು, ಮಣ್ಣು, ಬಸಿಗಾಲುವೆಗಳ ಪರಸ್ಪರ ಸಂಬಂಧವನ್ನು ದೊಡ್ಡ ಹಾಳೆಯಲ್ಲಿ ಬರೆದು ಸಭೆಯ ಮುಂದಿಟ್ಟೆವು. ಎಲ್ಲರೂ ಒಪ್ಪಿದರು, ಆದರೆ ನೀರು ಹಾಯಿಸುವ ರೀತಿ ಬದಲಾಗಲಿಲ್ಲ. ತಪ್ಪಿದ್ದೆಲ್ಲಿ?

ಉತ್ತರ: ತಮ್ಮ ನಕ್ಷೆಯಲ್ಲಿ ತಪ್ಪಿಲ್ಲ. ಜಿಗುಟಾದ ಕರಿಮಣ್ಣಿಗೆ ಅಳತೆ ಮೀರಿ ಹಾಯಿಸಿದ ನೀರು ಬಸಿದುಹೋಗದೆ ಅಂತರ್ಜಲ ಮೇಲೇರುತ್ತದೆ. ಅದು ಬೇರಿನ ಮಟ್ಟಕ್ಕೆ ಬಂದಾಗ ನೀರು ಬಿಸಿಲಿಗೆ ಆವಿಯಾಗಿ, ಉಪ್ಪು ಮಾತ್ರ ಉಳಿದು, ಬೇಸಿಗೆಯಲ್ಲಿ ಹೊಲದ ಮೇಲೆ ಬಿಳಿ ಪದರವಾಗಿ ಕಾಣುತ್ತದೆ. ಆದರೆ ಆ ನಕ್ಷೆಯನ್ನು ಬರೆದವರೂ ಒಪ್ಪಿದವರೂ ಅದರೊಳಗೆ ಇಲ್ಲ. "ನೀರು ಹೆಚ್ಚಾದಷ್ಟೂ ಕಬ್ಬಿನ ತೂಕ ಹೆಚ್ಚು", "ಈ ಪಾಳಿ ಬಿಟ್ಟರೆ ಮುಂದಿನ ಪಾಳಿಯ ಖಾತ್ರಿಯಿಲ್ಲ" ಎಂಬ ನಂಬಿಕೆಗಳೇ ದಿನವೂ ತೂಬು ತೆರೆಯುತ್ತಿವೆ. ಎರಡನೆಯದನ್ನು ಅಜ್ಞಾನವೆನ್ನಲಾಗದು, ಅದು ಅನುಭವದಿಂದ ಬಂದದ್ದು. ಪಾಳಿಯ ದಿನ ಖಚಿತವಾಗುವವರೆಗೆ ಯಾವ ಉಪದೇಶವೂ ಅದನ್ನು ಕದಲಿಸದು.

ಬಿಡಿ ಭಾಗಗಳಿಗಿಂತ ಅವುಗಳ ಪರಸ್ಪರ ಸಂಬಂಧವನ್ನು ನೋಡುವ ವ್ಯವಸ್ಥಾ ಚಿಂತನೆಯಲ್ಲಿ ಹೆಸರಾದ ಅಮೆರಿಕದ ಡೊನೆಲ್ಲಾ ಮೆಡೋಸ್ 1999ರಲ್ಲಿ ವ್ಯವಸ್ಥೆಯನ್ನು ಬದಲಿಸಲು ಕೈಹಾಕಬಹುದಾದ 12 ಸ್ಥಾನಗಳನ್ನು ಗುರುತಿಸಿದರು. ಸಬ್ಸಿಡಿ, ತೆರಿಗೆಯಂಥ ಅಂಕಿಗಳಿಗೆ ಅತ್ಯಂತ ಕಡಿಮೆ ಬಲವಿದೆಯೆಂದೂ, ವ್ಯವಸ್ಥೆಯನ್ನು ಹುಟ್ಟಿಸಿದ ಮನೋಧರ್ಮಕ್ಕೆ ಎರಡನೆಯ ಅತಿ ಹೆಚ್ಚಿನ ಬಲವಿದೆಯೆಂದೂ ಅವರ ಅಭಿಪ್ರಾಯ.

ನಡವಳಿಕೆಯ ಮಾತೂ ಇದೆ. ಉಪ್ಪು ಮೊದಲು ಕಾಣಿಸುವುದು ತಗ್ಗಿನ ಹೊಲಗಳಲ್ಲಿ. ಸಭೆಯಲ್ಲಿ ಮೊದಲು ಮಾತಾಡುವವರು ಸಾಮಾನ್ಯವಾಗಿ ಕಾಲುವೆಯ ಮೇಲ್ಭಾಗದ ದೊಡ್ಡ ಹಿಡುವಳಿದಾರರು. ಅಧ್ಯಕ್ಷರು ಅವರತ್ತಲೇ ತಿರುಗುವ ರೂಢಿಯಿದ್ದರೆ ತಗ್ಗಿನ ಸುದ್ದಿ ಹಾಳೆಯವರೆಗೂ ಬಾರದು. ತಲೆಯಾಡಿಸಿದ್ದನ್ನೇ ಒಪ್ಪಿಗೆಯೆಂದು ತಾವು ಭಾವಿಸಿದ್ದೂ ಒಂದು ನಂಬಿಕೆಯೇ ಎಂಬುದನ್ನು ಗೌರವದಿಂದಲೇ ಹೇಳುತ್ತೇನೆ.

ಮೇಲಿನ ಒಂದು ಹೊಲದಲ್ಲಿ, ತಗ್ಗಿನ ಇನ್ನೊಂದರಲ್ಲಿ ರಂಧ್ರ ಕೊರೆದ ಪೈಪನ್ನು ಆಳಕ್ಕೆ ಹೂಳಿರಿ. ಪ್ರತಿ ಪಾಳಿಯ ಮುಂಚೆ ಮತ್ತು ನಂತರ, ಕಲ್ಲು ಕಟ್ಟಿದ ಹಗ್ಗ ಇಳಿಸಿ ನೀರಿನ ಮಟ್ಟವನ್ನು ಅಳೆಯಿರಿ. ಹಗ್ಗವನ್ನು ಹೆಚ್ಚು ನೀರು ಬೇಕೆನ್ನುವ ರೈತರ ಕೈಗೇ ಕೊಡಿರಿ. ಅಳೆಯುವ ಮುನ್ನ ಮಟ್ಟ ಎಷ್ಟಿರಬಹುದೆಂದು ಎಲ್ಲರ ಅಂದಾಜನ್ನೂ ಬರೆದುಕೊಳ್ಳಿರಿ. ಮುಂದಿನ ಸಭೆಯಲ್ಲಿ ತಗ್ಗಿನವರಿಗೆ ಮೊದಲ ಮಾತು ಸಿಗಲಿ, ಮತ್ತು ತಾವು ತಮ್ಮ ಕಬ್ಬಿಗೆ ಎಷ್ಟು ನೀರು ಹಾಯಿಸುತ್ತೀರೆಂಬುದನ್ನು ಅದೇ ಹಾಳೆಯಲ್ಲಿ ತಮ್ಮ ಕೈಯಿಂದಲೇ ಬರೆಯಿರಿ.