ಪ್ರತಿಕ್ರಿಯೆ: ತಮ್ಮನ ಕೀಮೋ, ಅರಿಶಿನ, ಪುನರ್ಪುಳಿ

ನಿಮ್ಮ ತಮ್ಮನಿಗೆ ಮುಂದಿನ ವಾರ ಮಂಗಳೂರಿನಲ್ಲಿ ಕ್ಯಾನ್ಸರ್‌ಗೆ ಕೀಮೋ ಶುರು, ಅರಿಶಿನದ ಕ್ಯಾಪ್ಸೂಲ್, ಪುನರ್ಪುಳಿ (ಕೋಕಂ) ಕೊಟ್ಟರೆ ಮುಂದೆ ಮಕ್ಕಳಾಗಲು ತೊಂದರೆ ಇರಲ್ವಾ ಅಂತ ಕೇಳಿದ್ದೀರಿ. ಅದನ್ನು ನಂಬಿ ಕೂರಬೇಡಿ.

ಸೈಕ್ಲೋಫಾಸ್ಫಮೈಡ್, ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಕೊಟ್ಟ ಇಲಿಗಳಲ್ಲಿ ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯ ಕ್ವೆರ್ಸೆಟಿನ್ ಎಂಬ ಅಂಶಗಳು ವೃಷಣದ ಹಾನಿ ತಗ್ಗಿಸಿದ್ದು ನಿಜ. ಆದರೆ ಅದು ಇಲಿ. ಮನುಷ್ಯರಲ್ಲಿ ಸಾಬೀತಾಗಿಲ್ಲ. ಮೇಲಾಗಿ, ಕೆಲವು ಕೀಮೋ ಔಷಧಿಗಳು ಕ್ಯಾನ್ಸರ್ ಕೋಶವನ್ನು ಕೊಲ್ಲುವುದರಲ್ಲಿ ಆಕ್ಸಿಡೇಟಿವ್ ಒತ್ತಡಕ್ಕೂ (ಆಮ್ಲಜನಕದ ಚುರುಕು ಕಣಗಳಿಂದ ಕೋಶಕ್ಕಾಗುವ ಹಾನಿ) ಪಾಲಿದೆ. ಆ ಹಾನಿ ತಡೆಯುವ ಅರಿಶಿನದ ಕ್ಯಾಪ್ಸೂಲ್ ಔಷಧಿಯ ಕೆಲಸಕ್ಕೇ ಅಡ್ಡ ಬಂದರೆ? ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಮಾತು ಬೇರೆ.

ಈಗ ಅರ್ಜೆಂಟಾಗಿ ಆಗಬೇಕಾದ್ದು ವೀರ್ಯ ಫ್ರೀಜ್ ಮಾಡಿಸುವುದು, ಅದೂ ಮೊದಲ ಡೋಸ್‌ಗಿಂತ ಮುಂಚೆ. ಮಂಗಳೂರು, ಮಣಿಪಾಲದಲ್ಲೇ ಆಗುತ್ತದೆ. ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಡುತ್ತಾರೆ. ವರ್ಷಗಟ್ಟಲೆ ಉಳಿಯುತ್ತದೆ. ವೀರ್ಯಾಣುಗಳ ಎಣಿಕೆ ಕಡಿಮೆ ಬಂದರೂ ಹೆದರಬೇಡಿ, ಇಕ್ಸಿ ವಿಧಾನದಲ್ಲಿ ಒಂದು ಅಂಡಕ್ಕೆ ಒಂದೇ ವೀರ್ಯಾಣು ಚುಚ್ಚುತ್ತಾರೆ. ಅಮ್ಮನೆದುರು ನಿಮ್ಮ ತಮ್ಮ ಬಾಯಿ ಬಿಡಲಿಕ್ಕಿಲ್ಲ, ನಾಚಿಕೆ ಅಲ್ವಾ! ನೀವೇ ನಾಳೆ ಡಾಕ್ಟರ ಹತ್ತಿರ ಮಾತೆತ್ತಿ. ಕ್ಯಾಪ್ಸೂಲ್ ಡಬ್ಬಿಯನ್ನೂ ತೋರಿಸಿ.

ಪುನರ್ಪುಳಿ ಶರಬತ್ತು ರುಚಿಗೆ ಕುಡಿಯಲಿ. ಬಾಯಿ ಹುಣ್ಣಾದ ದಿನ ಮಾತ್ರ ಹುಳಿ ಬೇಡ, ಉರಿ ಜಾಸ್ತಿ.