ಪತ್ರ ಬರೆಯಲಾರದವರ ಪರವಾಗಿ

ಓದುಗರ ಪತ್ರ: “ಸಂಪಾದಕರೇ, ಗಣೇಶ ವಿಸರ್ಜನೆಯ ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಮ್ಮೂರಿನ ವೃತ್ತವೊಂದರಲ್ಲಿ ಕಾನ್‌ಸ್ಟೇಬಲ್ ಒಬ್ಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಗೊರಕೆ ಹೊಡೆಯುತ್ತಿದ್ದರು. ಹೊಟ್ಟೆ ಬೆಲ್ಟಿನ ಮೇಲೆ ಜೋತುಬಿದ್ದಿತ್ತು. ದೈಹಿಕ ಶಿಕ್ಷಣ ಶಿಕ್ಷಕನಾಗಿ ನಿವೃತ್ತನಾದ ನನಗೆ ನೋಡಲಾಗಲಿಲ್ಲ. ಇಂಥವರು ಕಳ್ಳನನ್ನು ಅಟ್ಟಿಸಿಕೊಂಡು ಹೋಗುವುದುಂಟೇ? ಕೆಲಸಕ್ಕೆ ಸೇರುವಾಗ ಓಡಿಸುವಂತೆಯೇ ಪ್ರತಿ ವರ್ಷವೂ ಓಡಿಸಿ, ಓಡಲಾರದವರನ್ನು ಮನೆಗೆ ಕಳುಹಿಸಬೇಕು. ನಿಮ್ಮ ಪತ್ರಿಕೆ ಈ ಬಗ್ಗೆ ದನಿ ಎತ್ತಲಿ.” (ದಾವಣಗೆರೆಯ ಓದುಗರು)

ಸಂಪಾದಕರ ಉತ್ತರ:

ಮಾನ್ಯ ಮೇಷ್ಟರೇ,

ತಮ್ಮ ಪತ್ರದಲ್ಲಿರುವ ಸಿಟ್ಟು ಊರಿನ ಬಗ್ಗೆ ಕಾಳಜಿಯುಳ್ಳವರಿಗೆ ಬರುವ ಸಿಟ್ಟು. ಮಕ್ಕಳ ಮೈಕಟ್ಟು ತಿದ್ದುವುದರಲ್ಲಿಯೇ ಆಯಸ್ಸು ಸವೆಸಿದವರ ಕಣ್ಣಿಗೆ ಜೋತುಬಿದ್ದ ಹೊಟ್ಟೆ ಮೊದಲು ಕಾಣುವುದೂ ಸಹಜ. ತಮ್ಮ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. 2018ರ ಜುಲೈನಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆಯ ಮುಖ್ಯಸ್ಥರಾಗಿದ್ದ ಭಾಸ್ಕರ್ ರಾವ್ ಅವರೇ, ಹೊಟ್ಟೆ ಕರಗಿಸಿಕೊಳ್ಳದ ಸಿಬ್ಬಂದಿಯನ್ನು ಅಮಾನತು ಮಾಡುವುದಾಗಿ ಎಚ್ಚರಿಸಿದ್ದರು. ಆ ಸುದ್ದಿ ವಿದೇಶದ ಮಾಧ್ಯಮಗಳಲ್ಲೂ ಬಂದಿತ್ತು. ಪೊಲೀಸರ ಲಂಚ, ದರ್ಪ, ಲಾಕಪ್ಪಿನೊಳಗೆ ಬೀಳುವ ಏಟು ಇವುಗಳ ಬಗ್ಗೆ ಈ ಪತ್ರಿಕೆ ಬರೆದಿದೆ, ಮುಂದೆಯೂ ಬರೆಯುತ್ತದೆ. ಇಷ್ಟನ್ನು ತಮ್ಮ ಪರವಾಗಿ ಒಪ್ಪಿಕೊಂಡು, ಇನ್ನು ಜಗಳಕ್ಕೆ ಬರುತ್ತೇನೆ.

ತಾವು ಆ ಕಾನ್‌ಸ್ಟೇಬಲ್ ಅವರನ್ನು ಕಂಡಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಹಿಂದಿನ ರಾತ್ರಿ ಹನ್ನೊಂದಕ್ಕೆ ಅವರು ಎಲ್ಲಿದ್ದರು ಎಂದು ವಿಚಾರಿಸಿದಿರಾ? ಗಣೇಶನ ಮೆರವಣಿಗೆ ಎಂದರೆ ತಮ್ಮ ಊರಿನ ಪೊಲೀಸರ ಪಾಲಿಗೆ ಏನೆಂದು ತಮಗೆ ನಾನು ಹೇಳಬೇಕಾಗಿಲ್ಲ. ಮಧ್ಯಾಹ್ನವೇ ರೋಲ್ ಕಾಲ್ ಮುಗಿಸಿ, ಪಾಯಿಂಟ್ ಹಂಚಿ, ತಾಲ್ಲೂಕು ಠಾಣೆಗಳಿಂದ ಕರೆಸಿದವರನ್ನು ಯಾವುದೋ ಶಾಲೆಯ ಕೊಠಡಿಯಲ್ಲಿ ಇಳಿಸಿ, ಡಿ.ಜೆ. ಸದ್ದಿನ ಎದುರಿಗೆ ಲಾಠಿ ಹಿಡಿದು ನಿಲ್ಲಿಸಿದರೆ, ಕೊನೆಯ ಮೂರ್ತಿ ನೀರಿಗೆ ಬೀಳುವವರೆಗೂ ಅವರು ಕದಲುವಂತಿಲ್ಲ. ಬಂದೋಬಸ್ತಿಗೆ ಹೋಗುವವರ ಬ್ಯಾಗನ್ನು ಒಮ್ಮೆ ಬಿಚ್ಚಿ ನೋಡುವ ಅವಕಾಶ ನನಗೆ ಸಿಕ್ಕಿತ್ತು: ಒಂದು ಲುಂಗಿ, ಒಂದು ಬೆಡ್‌ಶೀಟು, ಸೋಪಿನ ಡಬ್ಬಿ, ಪಾಲಿಶ್ ಡಬ್ಬಿ, ಬಿಪಿ ಮಾತ್ರೆಯ ಪಟ್ಟಿ, ಜತೆಗೆ ಒಂದು ಪೊಟ್ಟಣ ಅವಲಕ್ಕಿ. ಅವಲಕ್ಕಿ ಏಕೆಂದು ಕೇಳಿದ್ದಕ್ಕೆ ಅದರ ಒಡೆಯರಾದ ದಫೇದಾರರು, “ಇಲಾಖೆ ಊಟದ ಪೊಟ್ಟಣ ಕೊಡುತ್ತದೆ ಸಾರ್, ಯಾವಾಗ ಕೊಡುತ್ತದೆ ಅಂತ ಹೇಳುವುದಿಲ್ಲ” ಎಂದರು. ಮಧ್ಯಾಹ್ನ ಮೂರೂವರೆಗೆ ತಣ್ಣಗಾದ ಪಲಾವ್, ರಾತ್ರಿ ಹನ್ನೆರಡಕ್ಕೆ ಅದೇ ಪಲಾವ್, ನಡುವೆ ಬೀದಿ ಬದಿಯ ಬಜ್ಜಿ ಮತ್ತು ಸಕ್ಕರೆ ಹೆಚ್ಚಾದ ಚಹಾ. ಇದನ್ನು ವರ್ಷಗಟ್ಟಲೆ ತಿಂದ ಮೈಯಲ್ಲಿ ಹೊಟ್ಟೆ ಬಾರದೆ ಇನ್ನೇನು ಬರಬೇಕು?

ಸೇರುವಾಗಿನ ಪರೀಕ್ಷೆಯ ಮಾತನ್ನು ತಾವೇ ಎತ್ತಿದ್ದೀರಿ. ಸಿವಿಲ್ ಕಾನ್‌ಸ್ಟೇಬಲ್ ಆಗಬಯಸುವ ಯುವಕ 168 ಸೆಂಟಿಮೀಟರ್ ಎತ್ತರವಿರಬೇಕು, 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು, ಉದ್ದ ಅಥವಾ ಎತ್ತರ ಜಿಗಿಯಬೇಕು, ಗುಂಡು ಎಸೆಯಬೇಕು. ತಾವು ಹೀಯಾಳಿಸಿದ ಆ ಮನುಷ್ಯ ಇವನ್ನೆಲ್ಲ ಗೆದ್ದು, ಆಮೇಲೆ ತರಬೇತಿ ಶಾಲೆಯ ಮೈದಾನದಲ್ಲಿ ಬೆವರು ಸುರಿಸಿಯೇ ಖಾಕಿ ತೊಟ್ಟವರು. ಒಳ್ಳೆಯ ದೇಹವೊಂದನ್ನು ಆರಿಸಿಕೊಂಡು ಇಲಾಖೆಗೆ ಸೇರಿಸಿಕೊಂಡದ್ದು ಸರ್ಕಾರ. ಆ ದೇಹ ಹೀಗಾದದ್ದು ಸರ್ಕಾರದ ಸುಪರ್ದಿಯಲ್ಲಿದ್ದಾಗ. ರಾತ್ರಿ ಗಸ್ತು ಮುಗಿಸಿ ಬೆಳಿಗ್ಗೆ ಆರಕ್ಕೆ ಠಾಣೆಗೆ ಬಂದವರಿಗೆ ಒಂಬತ್ತಕ್ಕೆ ಕೈದಿಯನ್ನು ಕೋರ್ಟಿಗೆ ಕರೆದೊಯ್ಯುವ ಎಸ್ಕಾರ್ಟ್ ಬರೆದಿರುತ್ತದೆ. ಅಲ್ಲಿಂದ ಬರುವಷ್ಟರಲ್ಲಿ ಸಚಿವರ ಕಾರ್ಯಕ್ರಮ, ಅದು ಮುಗಿಯುವಷ್ಟರಲ್ಲಿ ಎಲ್ಲೋ ರಸ್ತೆ ತಡೆ, ಮನೆಗೆ ಹೋಗಿ ಬೂಟು ಬಿಚ್ಚುವಷ್ಟರಲ್ಲಿ ಠಾಣೆಯ ಫೋನು. ಈ ಮನುಷ್ಯ ವ್ಯಾಯಾಮ ಮಾಡುವುದು ಯಾವಾಗ, ತಾವೇ ಒಂದು ವೇಳಾಪಟ್ಟಿ ಹಾಕಿಕೊಡಿ.

ನಿದ್ದೆಗೆಟ್ಟರೆ ಮೈ ಕೆಡುತ್ತದೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಈಗ ವಿಜ್ಞಾನಿಗಳು ಅಳತೆ ಮಾಡಿ ಹೇಳಿದ್ದಾರೆ. ದೇಹದೊಳಗಿನ ಗಡಿಯಾರದ ಅಧ್ಯಯನಕ್ಕಾಗಿ ಮೂವರು ಅಮೆರಿಕನ್ನರಿಗೆ 2017ರ ನೊಬೆಲ್ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರಾತ್ರಿ ಪಾಳಿಯ ಕೆಲಸವನ್ನು ಕ್ಯಾನ್ಸರ್ ತರಬಹುದಾದ ಕಾರಣಗಳ ಸಾಲಿಗೆ 2007ರಲ್ಲಿಯೇ ಸೇರಿಸಿತು, 2019ರಲ್ಲಿ ಅದನ್ನೇ ಮತ್ತೆ ದೃಢಪಡಿಸಿತು. ಅಮೆರಿಕದ ಬಫಲೋ ನಗರದ ಪೊಲೀಸರನ್ನೇ ಇಟ್ಟುಕೊಂಡು ಜಾನ್ ವಯೊಲಾಂಟಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ರಾತ್ರಿ ಪಾಳಿಯವರಲ್ಲಿ ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ ಒಟ್ಟಾಗಿ ಏರುವ ತೊಂದರೆ ಹಗಲು ಪಾಳಿಯವರಿಗಿಂತ ಹೆಚ್ಚಾಗಿ ಕಂಡಿತು. ಅಲ್ಲಿಯ ಪೊಲೀಸರಿಗೆ ಪಾಳಿಯಾದರೂ ಇದೆ ಎಂಬುದನ್ನು ಗಮನಿಸಿ.

ನಮ್ಮಲ್ಲಿನ ಸ್ಥಿತಿಯ ಬಗ್ಗೆ ಕೇಂದ್ರ ಗೃಹ ಇಲಾಖೆಯ ಪೊಲೀಸ್ ಸಂಶೋಧನಾ ಸಂಸ್ಥೆಗಾಗಿ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು 2014ರಲ್ಲಿ ವರದಿ ಕೊಟ್ಟಿತು. ಠಾಣೆಯ ಸಿಬ್ಬಂದಿಯಲ್ಲಿ ಸುಮಾರು ಶೇ 90ರಷ್ಟು ಮಂದಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಯುತ್ತಾರೆ. ತಮ್ಮ ಸಿಬ್ಬಂದಿ ಹನ್ನೊಂದು ಗಂಟೆಗೂ ಮೀರಿ ದುಡಿಯುತ್ತಾರೆಂದು ಒಪ್ಪಿಕೊಂಡ ಠಾಣಾಧಿಕಾರಿಗಳು ಶೇ 68. ತಿಂಗಳಿಗೊಮ್ಮೆಯೂ ವಾರದ ರಜೆ ಸಿಗದವರು ಶೇ 70ಕ್ಕೂ ಹೆಚ್ಚು. ಐದು ವರ್ಷಗಳ ನಂತರ ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು ಸೇರಿ ದೇಶದ ಪೊಲೀಸರನ್ನು ಮಾತನಾಡಿಸಿದಾಗ, ಸರಾಸರಿ ದುಡಿಮೆ ದಿನಕ್ಕೆ ಹದಿನಾಲ್ಕು ಗಂಟೆ ಎಂದು ತಿಳಿಯಿತು. ಈ ವರದಿಗಳು ಈಗ ಯಾವ ಕಪಾಟಿನಲ್ಲಿವೆಯೋ.

ಅಂಕಿ ಅಂಶ ಬೇಡವೆನ್ನುವುದಾದರೆ ಕಾಲನ್ನು ನೋಡಿ. ನನ್ನ ಪರಿಚಯದ ಸಂಚಾರ ಪೊಲೀಸರೊಬ್ಬರು ಪ್ಯಾಂಟಿನ ಅಂಚನ್ನು ಮೊಣಕಾಲಿನವರೆಗೆ ಎತ್ತಿ ತೋರಿಸಿದಾಗ, ಮೀನಖಂಡದ ಮೇಲೆ ನೀಲಿ ನರಗಳು ಹಗ್ಗದಂತೆ ಗಂಟುಗಟ್ಟಿಕೊಂಡಿದ್ದವು; ಹಿಮ್ಮಡಿಯ ಮೇಲಿನ ಚರ್ಮ ಕಪ್ಪಾಗಿ ಒರಟಾಗಿತ್ತು. ವೈದ್ಯರು ಬಿಗಿಯಾದ ಎಲಾಸ್ಟಿಕ್ ಕಾಲುಚೀಲ ಹಾಕಿಕೊಳ್ಳಲು ಹೇಳಿ, ಹೆಚ್ಚು ಹೊತ್ತು ನಿಲ್ಲಬೇಡಿ ಎಂದು ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡೇ ಅವರು ಸಿಗ್ನಲ್ಲಿನಲ್ಲಿ ನಿಲ್ಲುತ್ತಿದ್ದರು. ಮಹಿಳಾ ಸಿಬ್ಬಂದಿಯ ಪಾಡನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಬೇಕು: ಬಂದೋಬಸ್ತಿನ ದಿನ ಶೌಚಾಲಯ ಸಿಗುವ ಖಾತರಿ ಇಲ್ಲದ ಕಾರಣ ಬೆಳಗಿನಿಂದ ನೀರನ್ನೇ ಕುಡಿಯದೆ ಬಿಸಿಲಿನಲ್ಲಿ ನಿಲ್ಲುವುದು ಅವರಿಗೆ ಅಭ್ಯಾಸವಾಗಿಬಿಟ್ಟಿದೆ, ಮೂತ್ರದ ಸೋಂಕು ಅದರ ಬೆನ್ನಿಗೇ ಬರುತ್ತದೆ. ಇನ್ನು ಟೋಪಿಯ ಕಥೆ. ಒಂದು ಬದಿಯ ಅಂಚು ಮಡಚಿದ ಆ ಭಾರದ ಸ್ಲೌಚ್ ಹ್ಯಾಟು ಸೆಕೆಗೆ ತಲೆ ಕಾಯಿಸುತ್ತದೆ, ಓಡಿದರೆ ಬೀಳುತ್ತದೆ ಎಂದು ನಮ್ಮ ಪೇದೆಗಳು ದಶಕಗಳ ಕಾಲ ಗೊಣಗಿದರು. ಅದರ ಬದಲಿಗೆ ಹಗುರವಾದ ಪೀಕ್ ಕ್ಯಾಪ್ ಬಂದದ್ದು 2025ರ ಅಕ್ಟೋಬರಿನಲ್ಲಿ. ಒಂದು ಟೋಪಿಗೇ ಇಷ್ಟು ಕಾಲ ಹಿಡಿದರೆ ಕೆಲಸದ ಅವಧಿ ಬದಲಾಗಲು ಎಷ್ಟು ಹಿಡಿಯಬಹುದೆಂದು ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ.

ಈ ಅವಸ್ಥೆಯ ಬೇರು 1861ರ ಪೊಲೀಸ್ ಕಾಯ್ದೆಯಲ್ಲಿದೆ. 1857ರ ದಂಗೆಯ ಬಿಸಿ ಆರುವ ಮೊದಲೇ ಬ್ರಿಟಿಷರು ಮಾಡಿದ ಆ ಕಾಯ್ದೆಯ 22ನೆಯ ಕಲಮು, ಪೊಲೀಸನು ಸದಾಕಾಲ ಕರ್ತವ್ಯದ ಮೇಲಿರುವವನೆಂದೇ ಭಾವಿಸತಕ್ಕದ್ದು ಎನ್ನುತ್ತದೆ. ನಮ್ಮ ರಾಜ್ಯಕ್ಕೆ 1963ರ ಪ್ರತ್ಯೇಕ ಕಾಯ್ದೆ ಬಂದರೂ ಆ ಮನೋಭಾವ ಅಳಿಯಲಿಲ್ಲ. 1948ರ ಕಾರ್ಖಾನೆ ಕಾಯ್ದೆ ಕಾರ್ಮಿಕನ ವಾರದ ದುಡಿಮೆಗೆ 48 ಗಂಟೆಯ ಮಿತಿ ಹಾಕಿತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಸ್ಸಿನ ಚಾಲಕನಿಗೂ ಮಿತಿ ಕೊಟ್ಟಿತು, ಏಕೆಂದರೆ ನಿದ್ದೆಗೆಟ್ಟ ಚಾಲಕ ಅಪಾಯಕಾರಿ ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ನಿದ್ದೆಗೆಟ್ಟ ಕೈಯಲ್ಲಿ ಬಂದೂಕು ಇದ್ದರೆ ಅಪಾಯವಿಲ್ಲವೇ? ಠಾಣೆಗೆ ದೂರು ಕೊಡಲು ಹೋದ ತಮ್ಮ ಮೇಲೆ ಯಾರಾದರೂ ರೇಗಿದ್ದರೆ, ರೇಗಿದವರು ಎಷ್ಟು ಗಂಟೆಯಿಂದ ಎದ್ದಿದ್ದರು ಎಂಬ ಪ್ರಶ್ನೆಯೂ ಅಲ್ಲಿ ಇದ್ದೇ ಇರುತ್ತದೆ. ಇದು ದರ್ಪಕ್ಕೆ ಸಮರ್ಥನೆಯಾಗದು, ದರ್ಪ ಹುಟ್ಟುವ ಜಾಗಗಳಲ್ಲಿ ಇದೂ ಒಂದು ಎಂದಷ್ಟೇ ಹೇಳುತ್ತಿದ್ದೇನೆ.

2025ರ ಜೂನ್ 3ರ ರಾತ್ರಿಯನ್ನು ನೆನಪಿಸಿಕೊಳ್ಳಿ. ಆರ್‌ಸಿಬಿ ಕಪ್ ಗೆದ್ದ ಆ ರಾತ್ರಿ ಬೆಂಗಳೂರಿನ ಬೀದಿಗಳು ಮಲಗಲಿಲ್ಲ, ಬೀದಿಯಲ್ಲಿದ್ದ ಪೊಲೀಸರೂ ಮಲಗಲಿಲ್ಲ. ಮರುದಿನವೇ ವಿಧಾನಸೌಧದಲ್ಲಿ ಸನ್ಮಾನ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಂಭ್ರಮ, ಲಕ್ಷಗಟ್ಟಲೆ ಜನ. ಹನ್ನೊಂದು ಜೀವಗಳು ಕಾಲ್ತುಳಿತಕ್ಕೆ ಬಲಿಯಾದವು. ನಗರ ಪೊಲೀಸ್ ಆಯುಕ್ತರೂ ಸೇರಿದಂತೆ ಅಧಿಕಾರಿಗಳು ಅಮಾನತಾದರು. ಮುಂದಿನ ತಿಂಗಳು ಅವರಲ್ಲೊಬ್ಬರ ಅಮಾನತನ್ನು ರದ್ದುಪಡಿಸಿದ ಕೇಂದ್ರೀಯ ಆಡಳಿತ ನ್ಯಾಯಮಂಡಳಿಯು, ಪೊಲೀಸರೂ ಮನುಷ್ಯರೇ, ಅವರು ದೇವರೂ ಅಲ್ಲ, ಮಾಂತ್ರಿಕರೂ ಅಲ್ಲ, ಅವರ ಬಳಿ ಅಲ್ಲಾದ್ದೀನನ ದೀಪವೂ ಇಲ್ಲ ಎಂಬರ್ಥದ ಮಾತು ಹೇಳಿತು. ಹೊಣೆ ಯಾರದೆಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಪೊಲೀಸರೂ ಮನುಷ್ಯರೇ ಎಂಬುದನ್ನು ನ್ಯಾಯಮಂಡಳಿಯೊಂದು ಆದೇಶದಲ್ಲಿ ಬರೆದು ತಿಳಿಸಬೇಕಾಯಿತಲ್ಲ, ನನ್ನನ್ನು ಕಾಡಿದ್ದು ಅದು.

ಸಿಬ್ಬಂದಿ ಸಾಲದು ಎಂಬ ಉತ್ತರ ಗೃಹ ಇಲಾಖೆಯ ಮೇಜಿನ ಮೇಲೆ ಸದಾ ಸಿದ್ಧವಾಗಿರುತ್ತದೆ. ಹುದ್ದೆಗಳು ಖಾಲಿ ಇರುವುದು ನಿಜ. ಆದರೆ ಮುಂಬಯಿಯ ದೇವನಾರ್ ಠಾಣೆಯ ಒಬ್ಬ ಸಾಮಾನ್ಯ ಕಾನ್‌ಸ್ಟೇಬಲ್ ತಾನೇ ಕುಳಿತು ಮೂರು ಪಾಳಿಯ ಪಟ್ಟಿ ಹಾಕಿ ಆಯುಕ್ತರ ಮುಂದಿಟ್ಟರು. ಆಯುಕ್ತ ದತ್ತಾ ಪಡಸಲಗೀಕರ್ ಅವರು 2016ರಲ್ಲಿ ಅದನ್ನು ಅದೇ ಠಾಣೆಯಲ್ಲಿ ಜಾರಿ ಮಾಡಿ ನೋಡಿ, ಆಮೇಲೆ ನಗರದ ಇತರ ಠಾಣೆಗಳಿಗೂ ವಿಸ್ತರಿಸಿದರು. ಹಬ್ಬ ಹರಿದಿನಗಳಲ್ಲಿ ಅದು ಮುರಿದುಬೀಳುವುದುಂಟು, ಆದರೂ ಅಸಾಧ್ಯವೆಂಬ ಮಾತು ಸುಳ್ಳಾಯಿತು. ನೆರೆಯ ಆಂಧ್ರ 2019ರಲ್ಲಿ ವಾರದ ರಜೆ ಘೋಷಿಸಿತು. ನಮ್ಮಲ್ಲಿ ಸಾಲದ ಸಿಬ್ಬಂದಿ ಎಲ್ಲೆಲ್ಲಿ ಕಳೆದುಹೋಗುತ್ತಾರೆಂದು ನೋಡಿದರೆ ಸಿಟ್ಟು ಬರುತ್ತದೆ. ಜೀವಭಯವೇ ಇಲ್ಲದ ಗಣ್ಯರ ಹಿಂದೆ ಗನ್‌ಮ್ಯಾನ್‌ಗಳು, ಉದ್ಘಾಟನೆಗೆ ಎರಡು ತಾಸು ತಡವಾಗಿ ಬರುವ ಸಚಿವರಿಗಾಗಿ ರಸ್ತೆಯುದ್ದಕ್ಕೂ ನಿಂತವರು, ದೊಡ್ಡ ಸಾಹೇಬರ ಮನೆಯ ನಾಯಿಯನ್ನು ವಾಕಿಂಗ್ ಕರೆದೊಯ್ಯುತ್ತಿದ್ದವರು. ಪೊಲೀಸರನ್ನು ಸಾಹೇಬರ ಮನೆಗೆಲಸಕ್ಕೆ ಹಚ್ಚುವ ಈ ಆರ್ಡರ್ಲಿ ಪದ್ಧತಿಯನ್ನು ಕೊನೆಗಾಣಿಸಲು ಮದ್ರಾಸ್ ಹೈಕೋರ್ಟ್ 2022ರಲ್ಲಿ ಗಡುವು ಹಾಕಬೇಕಾಯಿತು. ಓಡಿ, ಜಿಗಿದು, ಗುಂಡೆಸೆದು ಗೆದ್ದ ಹುಡುಗನ ಕೈಗೆ ಸಾಹೇಬರ ಮನೆಯ ತರಕಾರಿ ಚೀಲ ಕೊಟ್ಟ ವ್ಯವಸ್ಥೆಯೇ ಈಗ ಅವನ ಹೊಟ್ಟೆಯ ಬಗ್ಗೆ ಸುತ್ತೋಲೆ ಹೊರಡಿಸುತ್ತದೆ.

ತಮ್ಮ ವಾರ್ಷಿಕ ಓಟದ ಸಲಹೆಗೆ ನನ್ನ ಪೂರ್ಣ ಸಮ್ಮತಿಯಿದೆ. ಓಡಿಸುವ ಮುನ್ನ ಮೂರು ತಿಂಗಳು ಎಂಟು ಗಂಟೆಯ ಪಾಳಿ, ವಾರಕ್ಕೊಂದು ರಜೆ, ಹೊತ್ತಿಗೆ ಸರಿಯಾಗಿ ಬಿಸಿ ಊಟ ಕೊಡಲಿ. ಸಬ್ ಇನ್‌ಸ್ಪೆಕ್ಟರಿನಿಂದ ಮೇಲಿನವರೂ ಅದೇ ಮೈದಾನದಲ್ಲಿ ಓಡಲಿ. ಆಮೇಲೂ ಓಡಲಾರದವರಿಗೆ ಚಿಕಿತ್ಸೆ ಕೊಡಿಸಲಿ. ಮನೆಗೆ ಕಳುಹಿಸುವ ಮಾತು ಅದಾದ ಮೇಲೆ.

ಇನ್ನೊಂದು ವಿಷಯವನ್ನು ತಾವು ಗಮನಿಸಿದಂತಿಲ್ಲ. ತಾವು ಸಿಟ್ಟು ಬಂದ ಕೂಡಲೇ ಕಾಗದ ತೆಗೆದು ಈ ಪತ್ರಿಕೆಗೆ ಬರೆದಿರಿ. ಆ ಕಾನ್‌ಸ್ಟೇಬಲ್ ತಮಗೆ ಉತ್ತರ ಬರೆಯುವಂತಿಲ್ಲ. ಸಂವಿಧಾನದ 33ನೆಯ ವಿಧಿಯ ಬಲದಿಂದ ಮಾಡಿದ 1966ರ ಪೊಲೀಸ್ ಪಡೆಗಳ ಹಕ್ಕುಗಳ ನಿರ್ಬಂಧ ಕಾಯ್ದೆಯ ಪ್ರಕಾರ, ಅವರು ಅನುಮತಿಯಿಲ್ಲದೆ ಸಂಘ ಕಟ್ಟುವಂತಿಲ್ಲ, ಪತ್ರಿಕೆಗೆ ಪತ್ರ ಬರೆಯುವಂತಿಲ್ಲ. ಬರೆದರೆ ಎರಡು ವರ್ಷದವರೆಗೆ ಸೆರೆವಾಸದ ಶಿಕ್ಷೆಗೆ ಅವಕಾಶವಿದೆ. ಶಿಸ್ತಿನ ಪಡೆಗೆ ಕಟ್ಟುಪಾಡು ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಬಾಯಿ ಕಟ್ಟಿದ ಮೇಲೆ ಅವರ ಪರವಾಗಿ ಕೇಳುವವರು ಯಾರಾದರೂ ಇರಬೇಕಲ್ಲವೇ? 2016ರ ಜೂನ್ 4ರಂದು ನಮ್ಮ ರಾಜ್ಯದ ಪೊಲೀಸರು ಸಾಮೂಹಿಕ ರಜೆಗೆ ಕರೆ ಕೊಟ್ಟಾಗ ಸರ್ಕಾರ, ಅಗತ್ಯ ಸೇವೆಯವರು ಮುಷ್ಕರ ಹೂಡದಂತೆ ತಡೆಯುವ ಎಸ್ಮಾ ಕಾಯ್ದೆಯ ಅಸ್ತ್ರ ಹಿಡಿಯಿತು, ಮುಂದಾಳುವಿನ ಮೇಲೆ ರಾಜದ್ರೋಹದ ಆರೋಪ ಹೊರಿಸಿತು. ಆ ಗದ್ದಲದ ನಂತರ ರಾಘವೇಂದ್ರ ಔರಾದ್ಕರ್ ಸಮಿತಿ ವೇತನ ಹೆಚ್ಚಳಕ್ಕೆ ಶಿಫಾರಸು ಮಾಡಿತು, ಮೂರು ವರ್ಷ ಕಾದ ಮೇಲೆ 2019ರಲ್ಲಿ ಒಂದಷ್ಟು ಏರಿಕೆಯೂ ಆಯಿತು. ಸಂಬಳ ಹೆಚ್ಚಿತು, ನಿದ್ದೆ ಹೆಚ್ಚಲಿಲ್ಲ.

ಆದ್ದರಿಂದ ಈ ಅಂಕಣದಲ್ಲಿ ಪೊಲೀಸರ ಹೆಂಡತಿ, ಗಂಡ, ಮಕ್ಕಳು, ತಂದೆ ತಾಯಿಯರು ಬರೆದ ಪತ್ರಗಳಿಗೆ ಮುಂದಿನ ಸಂಚಿಕೆಯಿಂದ ಜಾಗ ಕಾದಿರಿಸುತ್ತೇವೆ. ಮನೆಯವರು ಎಷ್ಟು ಹೊತ್ತಿಗೆ ಹೋದರು, ಎಷ್ಟು ಹೊತ್ತಿಗೆ ಬಂದರು, ಕಳೆದ ವಾರದ ರಜೆ ಯಾವ ತಾರೀಖು ಸಿಕ್ಕಿತು ಎಂಬುದನ್ನು ಬರೆದರೂ ಸಾಕು. ಹೆಸರು, ಠಾಣೆ, ಜಿಲ್ಲೆ ಯಾವುದನ್ನೂ ಅಚ್ಚು ಹಾಕುವುದಿಲ್ಲ.