ಮ್ಯಾಕ್‌ನಲ್ಲಿ ಎಫ್‌ಸಿಂಕ್ ಹತ್ತು ಪಟ್ಟು ವೇಗ: ಡೇಟಾ ನಿಜಕ್ಕೂ ಡಿಸ್ಕ್ ಸೇರಿದೆಯೇ?

ಸಿ ಭಾಷೆಯಲ್ಲಿ ನೀವೇ ಬರೆದ ಡೇಟಾಬೇಸ್, ಪ್ರತಿ ಕಮಿಟ್‌ಗೂ (ಬದಲಾವಣೆಯನ್ನು ಖಾಯಂ ಮಾಡುವ ಹಂತ) ಒಂದು ಎಫ್‌ಸಿಂಕ್ (ಫೈಲ್‌ನ ಡೇಟಾವನ್ನು ಡಿಸ್ಕ್‌ಗೆ ಬರೆಸುವ ಕರೆ), ಅದೇ ಕೋಡ್ ಲಿನಕ್ಸ್‌ಗಿಂತ ಮ್ಯಾಕ್‌ನಲ್ಲಿ ಹತ್ತು ಪಟ್ಟು ವೇಗ ಅಂದಿದ್ದೀರಿ. ನನ್ನ ಅನುಮಾನ ಇಷ್ಟು: ಮ್ಯಾಕ್ ಕೆಲಸವನ್ನು ಬೇಗ ಮುಗಿಸುತ್ತಿಲ್ಲ, ಪೂರ್ತಿ ಮಾಡುತ್ತಲೇ ಇಲ್ಲ.

ಲಿನಕ್ಸ್‌ನ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂಗಳಲ್ಲಿ ಎಫ್‌ಸಿಂಕ್ ಕರೆದರೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಡೇಟಾವನ್ನು ಡಿಸ್ಕ್‌ಗೆ ಕಳಿಸುತ್ತದೆ, ಜೊತೆಗೆ 'ನಿನ್ನ ಒಳಗಿನ ಕ್ಯಾಶ್‌ನಲ್ಲಿ (ತಾತ್ಕಾಲಿಕ ಮೆಮೊರಿ) ಇರುವುದನ್ನೂ ಖಾಯಂ ಜಾಗಕ್ಕೆ ಬರೆದು ಖಾಲಿ ಮಾಡು' ಎಂದು ಡಿಸ್ಕ್‌ಗೂ ಹೇಳುತ್ತದೆ. ಮ್ಯಾಕ್‌ನ ಎಫ್‌ಸಿಂಕ್ ಈ ಎರಡನೇ ಮಾತು ಹೇಳುವುದಿಲ್ಲ. ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ 'ತಲುಪಿತು' ಅಂದ ಹಾಗೆ. ಕರೆಂಟ್ ಹೋದರೆ ಕ್ಯಾಶ್‌ನಲ್ಲಿದ್ದದ್ದು ಹೋಯಿತು. ಡಿಸ್ಕ್ ತನಗೆ ಅನುಕೂಲವಾದ ಕ್ರಮದಲ್ಲಿ ಬರೆಯುವುದರಿಂದ ಹಳೆಯದು ಕಾಣೆಯಾಗಿ ಹೊಸದು ಉಳಿದಿರಲೂಬಹುದು. ಇದೇನೂ ಗುಟ್ಟಲ್ಲ, ಆಪಲ್‌ನ ಕೈಪಿಡಿಯಲ್ಲೇ (ಮ್ಯಾನ್ ಪೇಜ್) ಬರೆದಿದೆ.

ಮ್ಯಾಕ್‌ನಲ್ಲಿ ಎಫ್‌ಸಿಂಕ್ ಬದಲು ಎಫ್‌ಸಿಎನ್‌ಟಿಎಲ್ ಎಂಬ ಕರೆಗೆ ಎಫ್_ಫುಲ್‌ಎಫ್‌ಸಿಂಕ್ ಕೊಟ್ಟು ಕರೆಯಿರಿ, ಅದು ಡಿಸ್ಕ್‌ನ ಕ್ಯಾಶನ್ನೂ ಖಾಲಿ ಮಾಡಿಸುತ್ತದೆ. ವೇಗ ಕುಸಿಯುತ್ತದೆ, ಕುಸಿಯಲಿ. ಗೋ ಭಾಷೆಯ ಸಿಂಕ್ ಮ್ಯಾಕ್‌ನಲ್ಲಿ 1.12ನೇ ಆವೃತ್ತಿಯಿಂದ ಇದನ್ನೇ ಬಳಸುತ್ತದೆ. ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಫುಲ್‌ಎಫ್‌ಸಿಂಕ್ ಎಂಬ ಪ್ರಾಗ್ಮಾವನ್ನು (ಸೆಟ್ಟಿಂಗ್) ನೀವೇ ಆನ್ ಮಾಡಬೇಕು. ವಿಂಡೋಸ್‌ಗೆ ಫ್ಲಶ್‌ಫೈಲ್‌ಬಫರ್ಸ್ ಎಂಬ ಕರೆ ಸಾಕು.

ಎಫ್‌ಸಿಂಕ್ ಎರರ್ ಕೊಟ್ಟರೆ ಮತ್ತೊಮ್ಮೆ ಕರೆದು ನೋಡೋಣ ಅಂತಲೂ ಬರೆದಿದ್ದೀರಿ. ದಯವಿಟ್ಟು ಬೇಡ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರು ಬೆಚ್ಚಿಬಿದ್ದದ್ದು ಇಲ್ಲೇ. ಲಿನಕ್ಸ್‌ನಲ್ಲಿ ಬರಹ ವಿಫಲವಾದರೂ ಮೆಮೊರಿಯಲ್ಲಿನ ಆ ಪುಟಕ್ಕೆ 'ಕ್ಲೀನ್' (ಬರೆದಾಗಿದೆ) ಎಂಬ ಗುರುತು ಬೀಳಬಹುದು. ಆಗ ಎರಡನೇ ಎಫ್‌ಸಿಂಕ್ ನಿರಾಳವಾಗಿ ಯಶಸ್ಸು ಅನ್ನುತ್ತದೆ, ಡಿಸ್ಕ್‌ನಲ್ಲಿ ಮಾತ್ರ ಏನೂ ಇರುವುದಿಲ್ಲ. ಅವರು ಕಂಡುಕೊಂಡ ದಾರಿ ಒರಟು, ಆದರೆ ಸರಿ: ಎರರ್ ಬಂದ ಕೂಡಲೇ ಸರ್ವರ್ ತಾನೇ ಬಿದ್ದು, ಎದ್ದ ಮೇಲೆ ಲಾಗ್‌ನಿಂದ (ಬದಲಾವಣೆಗಳ ದಾಖಲೆ) ಎಲ್ಲವನ್ನೂ ಮತ್ತೆ ಬರೆಯುತ್ತದೆ. ನೀವೂ ಹಾಗೇ ಮಾಡಿ.

ಹೊಸ ಫೈಲ್ ಸೃಷ್ಟಿಸಿದಾಗ, ರಿನೇಮ್ ಮಾಡಿದಾಗ ಲಿನಕ್ಸ್‌ನಲ್ಲಿ ಅದರ ಡೈರೆಕ್ಟರಿಗೂ ಎಫ್‌ಸಿಂಕ್ ಬೇಕು. ಇಲ್ಲವಾದರೆ ಡೇಟಾ ಇದ್ದೂ ಹೆಸರಿಲ್ಲದಂತಾಗಬಹುದು.

'ಕಿಲ್ ಮೈನಸ್ 9 ಕೊಟ್ಟು ನೋಡಿದೆ, ಏನೂ ಹೋಗಲಿಲ್ಲ' ಎಂಬುದು ಪರೀಕ್ಷೆಯೇ ಅಲ್ಲ. ಆ ಆದೇಶದಿಂದ ಪ್ರೋಗ್ರಾಂ ಸತ್ತರೂ ಕರ್ನಲ್ ಬದುಕಿರುತ್ತದೆ, ಉಳಿದದ್ದನ್ನು ಅದು ಬರೆದು ಮುಗಿಸುತ್ತದೆ. ಪ್ಲಗ್ ಕಿತ್ತೇ ನೋಡಬೇಕು, ಅದೂ ಕೆಲಸದ ಡೇಟಾ ಇಲ್ಲದ ಯಂತ್ರದಲ್ಲಿ. ಅದಕ್ಕೂ ಮೊದಲು ಪೋಸ್ಟ್‌ಗ್ರೆಸ್ ಜೊತೆ ಬರುವ ಪಿಜಿ_ಟೆಸ್ಟ್_ಎಫ್‌ಸಿಂಕ್ ಓಡಿಸಿ, ಸೆಕೆಂಡಿಗೆ ಎಷ್ಟು ಎಫ್‌ಸಿಂಕ್ ಮುಗಿಯುತ್ತವೆ ಎಂದು ಅದು ಅಳೆಯುತ್ತದೆ. 7200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ ಸುತ್ತುವುದೇ 120 ಸಲ. ಬ್ಯಾಟರಿ ಇರುವ (ಕರೆಂಟ್ ಹೋದರೂ ಕ್ಯಾಶ್ ಉಳಿಸಿಕೊಳ್ಳುವ) ಕಂಟ್ರೋಲರ್ ಇಲ್ಲದೆಯೂ ಅದು ಒಂದೇ ಜಾಗಕ್ಕೆ ಸೆಕೆಂಡಿಗೆ ಸಾವಿರಾರು ಸಲ ಬರೆದೆ ಅಂದರೆ, ಸುಳ್ಳು ಹೇಳುತ್ತಿರುವುದು ಆಪರೇಟಿಂಗ್ ಸಿಸ್ಟಂ ಅಲ್ಲ, ಡಿಸ್ಕೇ ಇರಬಹುದು.